ವಾಕ್ಯದ ಬಗೆ, ವಿರಾಮದ ಬೆಲೆ

ಪೆರಿಯಾರ್ ನದಿಯ ದಡದ ಆಲುವದಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್. ಮೊದಲಿನೆರಡು ಸೋದರ ಭಾಷೆಗಳು. ಕನ್ನಡದ ‘ಬಂದನೇ’, ಮಲಯಾಳದ ‘ವನ್ನೋ’ ಎಂಬಲ್ಲಿ ಪ್ರಶ್ನೆಯು ಕ್ರಿಯಾಪದದ ಕೊನೆಯ ಸ್ವರದಲ್ಲಿಯೇ ಅಡಗಿದೆ. ಚಿಹ್ನೆ ಬಿಟ್ಟುಹೋದರೂ ಅರ್ಥ ಕೆಡದು. ಇಂಗ್ಲಿಷಿನಲ್ಲಾದರೋ ಪದಕ್ರಮವೇ ಬದಲಾಗಿ ‘ಡಿಡ್ ಹೀ ಕಮ್’ ಎಂದಾಗಬೇಕು. ಕೊನೆಗೆ ಪ್ರಶ್ನಚಿಹ್ನೆ ಬರಲೇಬೇಕು. ಮಗು ಅದನ್ನು ಮರೆತರೆ ಅಜಾಗರೂಕತೆಯೆಂದು ಗದರಿಸುವುದು ಸಲ್ಲದು. ಅದರಲ್ಲಿ ಮಾತೃಭಾಷೆಯ ಅಭ್ಯಾಸಬಲವೂ ಇರಬಹುದು.

ಇಂಗ್ಲಿಷ್ ವಾಕ್ಯಗಳು ನಾಲ್ಕು ಬಗೆ: ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ. ಔಷಧದ ಸೀಸೆಯ ಮೇಲಿನ ‘ಷೇಕ್ ವೆಲ್ ಬಿಫೋರ್ ಯೂಸ್’ ಎಂಬುದು ಆಜ್ಞಾವಾಕ್ಯ. ಕರ್ತೃಪದ ಕಾಣಿಸದು, ಕೊನೆಗೆ ಪೂರ್ಣವಿರಾಮ ಸಾಕು. ಉದ್ಗಾರಚಿಹ್ನೆ ಭಾವಾವೇಗಕ್ಕೆ ಮಾತ್ರ ಮೀಸಲು.

ಕನ್ನಡವು ‘ಎದ್ದು, ಮಿಂದು, ಉಂಡು ಹೋದನು’ ಎಂದು ಕ್ರಿಯೆಗಳನ್ನು ಹೆಣೆಯುತ್ತದೆ. ಇಂಗ್ಲಿಷಿನಲ್ಲಿ ಎರಡು ಪೂರ್ಣವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಜೋಡಿಸುವುದು ದೋಷವೆನಿಸುತ್ತದೆ. ‘ಆಂಡ್’ನಂತಹ ಸಂಯೋಜಕವೋ ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು.

ಈ ಚಿಹ್ನೆಗಳು ನಮ್ಮ ನುಡಿಗಳಿಗೂ ಹೊರಗಿನಿಂದ ಬಂದವು. ಮಲಯಾಳದಲ್ಲಿ ಅವನ್ನು ಬಳಕೆಗೆ ತಂದ ಹಿರಿಮೆಯು 1851ರಲ್ಲಿ ಮಲಯಾಳ ವ್ಯಾಕರಣವನ್ನು ಪ್ರಕಟಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟರಿಗೆ ಸಲ್ಲುತ್ತದೆ.

ಒಂದು ಚಿಹ್ನೆಯಿಂದ ಆರೋಗ್ಯಕ್ಕೂ ಕುಂದು ಬಂದೀತು. ‘ನೋ ವಾಟರ್ ಈಸ್ ಸೇಫ್’ ಎಂದರೆ ಯಾವ ನೀರೂ ಸುರಕ್ಷಿತವಲ್ಲ. ‘ನೋ’ ಪದದ ಬಳಿಕ ಅಲ್ಪವಿರಾಮ ಬಿದ್ದರೆ ‘ಇಲ್ಲ, ನೀರು ಸುರಕ್ಷಿತ’ ಎಂದಾಗುತ್ತದೆ. 2018ರ ಆಗಸ್ಟ್ ಪ್ರವಾಹವನ್ನು ಕಂಡ ಆಲುವದವರಿಗೆ ಈ ಅಂತರವನ್ನು ವಿವರಿಸಬೇಕಿಲ್ಲ. ಆದ್ದರಿಂದ ಮಕ್ಕಳಿಂದ ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ಅದರ ಬಗೆಯನ್ನು ಕೇಳಿ. ಆಮೇಲೆ ಚಿಹ್ನೆ ಹಾಕಿಸಿರಿ.