ಬೆಂಗಳೂರು ಎಫ್‌ಸಿ ಮ್ಯಾಚ್‌ ಲೋಕಲ್‌ ರೇಡಿಯೊದಲ್ಲಿ ಲೈವ್‌ ಕೊಡಬಹುದಾ? ನಮ್ಮೂರ ಟೂರ್ನಿಗೆ ರೂಲ್ಸ್‌ ಏನು?

ಸೋಗಾನೆ: ಶಿವಮೊಗ್ಗ, ಭದ್ರಾವತಿ, ನಡುವಿನ ಸೋಗಾನೆ ಭಾಗದ ಜನರಿಗೆ ರೇಡಿಯೊ ಅಂದರೆ ಮೊದಲು ನೆನಪಾಗೋದು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ. ಆದರೆ ಇಂಡಿಯನ್‌ ಸೂಪರ್‌ ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ಆಡುವಾಗ ಯಾವ ರೇಡಿಯೊ ಕೇಂದ್ರವೂ ತಾನಾಗಿಯೇ ಮೈಕ್‌ ಹಿಡಿದು ಕಾಮೆಂಟರಿ ಶುರು ಮಾಡುವಂತಿಲ್ಲ. ಯಾಕೆ ಅನ್ನೋದರ ವಿವರ ಇಲ್ಲಿದೆ.

ಮ್ಯಾಚ್‌ ಯಾರ ಕೈಲಿರುತ್ತೆ?

ಟೂರ್ನಿ ನಡೆಸುವವರು ಟಿವಿ, ಮೊಬೈಲ್‌, ರೇಡಿಯೊ ಪ್ರಸಾರದ ಹಕ್ಕನ್ನು ಮಾರುತ್ತಾರೆ. ಸ್ಟೇಡಿಯಂ ಒಳಗೆ ಮೈಕ್‌ ತರಬೇಕಾದರೂ ಅವರದೇ ಅನುಮತಿ ಬೇಕು. ದುಡ್ಡು ಕೊಟ್ಟು ಹಕ್ಕು ಪಡೆದವರು ಬೇರೆಯವರಿಗೆ ಪುಕ್ಕಟೆ ಬಿಡುವುದಿಲ್ಲ.

ಆಕಾಶವಾಣಿಗೆ ವಿನಾಯಿತಿ ಇದೆಯಾ?

ಸ್ವಲ್ಪ ಇದೆ. 2007ರ ಕಾಯ್ದೆ ಪ್ರಕಾರ, 'ರಾಷ್ಟ್ರೀಯ ಮಹತ್ವದ ಪಂದ್ಯ' ಎಂದು ಕೇಂದ್ರ ಸರ್ಕಾರ ಗುರುತಿಸಿದ ಪಂದ್ಯಗಳ ಲೈವ್‌ ಸಿಗ್ನಲ್‌ ಅನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಲೇಬೇಕು. ರೇಡಿಯೊ ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಕನಿಷ್ಠ ಅರ್ಧ ಪಾಲು. ವಿಶ್ವಕಪ್‌ ಫುಟ್ಬಾಲ್‌ ಮತ್ತು ಸಂತೋಷ್‌ ಟ್ರೋಫಿಯ ಸೆಮಿಫೈನಲ್‌, ಫೈನಲ್‌ಗಳು ಪಟ್ಟಿಯಲ್ಲಿ ಸೇರಿವೆ. 2023ರಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಗೆದ್ದಿದ್ದು ಇದೇ ಸಂತೋಷ್‌ ಟ್ರೋಫಿ. ಕ್ಲಬ್‌ಗಳ ಲೀಗ್‌ ಮ್ಯಾಚುಗಳಿಗೆ ಈ ಸೌಲಭ್ಯವಿಲ್ಲ.

ಖಾಸಗಿ ಎಫ್‌ಎಂ ಬಂದರೆ?

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಲ್ಲಿ 730 ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಶಿವಮೊಗ್ಗವೂ ಇದೆ. ಆದರೆ 2011ರ ಎಫ್‌ಎಂ ನೀತಿ ಪ್ರಕಾರ ಖಾಸಗಿ ಕೇಂದ್ರಗಳು ಕ್ರೀಡೆಯ ಮಾಹಿತಿ ಹೇಳಬಹುದೇ ಹೊರತು ನೇರ ಪ್ರಸಾರ ಮಾಡುವಂತಿಲ್ಲ. ಸ್ಥಳೀಯ ಮಟ್ಟದ ಪಂದ್ಯಗಳ ಲೈವ್‌ ಕಾಮೆಂಟರಿಗೆ ಮಾತ್ರ ಅವಕಾಶವಿದೆ.

ಟಿವಿ ಸೌಂಡ್‌ ರೇಡಿಯೊದಲ್ಲಿ ಹಾಕಬಹುದಾ?

ಇಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 37ನೇ ಸೆಕ್ಷನ್‌ ಪ್ರಕಾರ ಪ್ರಸಾರವನ್ನು ಅನುಮತಿ ಇಲ್ಲದೆ ಮರುಪ್ರಸಾರ ಮಾಡುವುದು ತಪ್ಪು. ಬರೀ ಸ್ಕೋರ್‌ ಹೇಳುವುದು ಬೇರೆ ವಿಷಯ. ಮ್ಯಾಚಿನ ಮಾಹಿತಿ ಮೇಲೆ ಯಾರಿಗೂ ಏಕಸ್ವಾಮ್ಯ ಇಲ್ಲವೆಂದು ದೆಹಲಿ ಹೈಕೋರ್ಟ್‌ 2013ರಲ್ಲಿ ಹೇಳಿತ್ತು. ಆ ಪ್ರಕರಣ ನಂತರ ಸುಪ್ರೀಂ ಕೋರ್ಟ್‌ ಮೆಟ್ಟಿಲೇರಿತು.

ಹೋಟೆಲ್‌, ಅಂಗಡಿಯವರು ಗಮನಿಸಿ

ಇದೇ ಸೆಕ್ಷನ್‌ ಪ್ರಕಾರ, ಅನುಮತಿ ಇಲ್ಲದೆ ದುಡ್ಡು ವಸೂಲಿ ಮಾಡಿ ಜನರಿಗೆ ಮ್ಯಾಚ್‌ ತೋರಿಸುವುದು, ಕೇಳಿಸುವುದು ಕೂಡ ತಪ್ಪು. ದೊಡ್ಡ ಸ್ಕ್ರೀನ್‌ ಹಾಕಿ ಟಿಕೆಟ್‌ ಇಡುವ ಮುಂಚೆ ಯೋಚಿಸಿ. ಮನೆ ಕನೆಕ್ಷನ್‌ ಅನ್ನು ಅಂಗಡಿಯಲ್ಲಿ ಬಳಸಬಹುದಾ ಅಂತ ಕೇಬಲ್‌ನವರನ್ನು ಮೊದಲೇ ಕೇಳಿಕೊಳ್ಳಿ.

ನಮ್ಮೂರ ಟೂರ್ನಿಗೆ ದಾರಿ ಇದೆ

ತಾಲೂಕು ಮಟ್ಟದ ಫುಟ್ಬಾಲ್‌, ಕಬಡ್ಡಿ, ಕ್ರಿಕೆಟ್‌ ಟೂರ್ನಿಗಳಿಗೆ ಇಷ್ಟೆಲ್ಲ ತೊಡಕಿಲ್ಲ. ಇಲ್ಲಿ ಹಕ್ಕು ಆಯೋಜಕರ ಕೈಲೇ ಇರುತ್ತದೆ. ಮಾಡಬೇಕಾದ್ದು ಇಷ್ಟು:

- ಯಾವ ರೇಡಿಯೊಗೆ, ಎಷ್ಟು ದಿನ ಕಾಮೆಂಟರಿಗೆ ಅನುಮತಿ ಎಂಬುದನ್ನು ಆಯೋಜಕರು ಬರೆದು ಕೊಡಬೇಕು.
- ಯೂಟ್ಯೂಬ್‌ ಲೈವ್‌ನವರಿಗೆ ಮೊದಲೇ 'ಎಲ್ಲಾ ಹಕ್ಕು' ಬರೆದು ಕೊಟ್ಟಿದ್ದರೆ ರೇಡಿಯೊಗೆ ಕೊಡಲು ಏನೂ ಉಳಿಯುವುದಿಲ್ಲ. ಸಹಿ ಹಾಕುವ ಮುನ್ನ ಓದಿ.
- ಸಮುದಾಯ ರೇಡಿಯೊದವರು ತಮ್ಮ ಪರವಾನಗಿಯ ಷರತ್ತು ನೋಡಿಕೊಳ್ಳಬೇಕು.
- ಪ್ರಾಯೋಜಕತ್ವ ಕೊಡುವ ಅಂಗಡಿಯವರು, ತಮ್ಮ ಹೆಸರು ಮೈದಾನದ ಬ್ಯಾನರ್‌ನಲ್ಲಿ ಮಾತ್ರವಾ, ರೇಡಿಯೊದಲ್ಲೂ ಬರುತ್ತಾ ಎಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಬೇಕು.