ಅಡುಗೆಮನೆಯೇ ಪ್ರಯೋಗಶಾಲೆ: ನೋಡಿದರೆ ಸಾಲದು, ಮಾಡಿ ಅಳೆಯಬೇಕು

ತಟ್ಟೆಯ ನಡುವೆ ಉರಿಯುತ್ತಿರುವ ಮೇಣದಬತ್ತಿ. ಸುತ್ತಲೂ ಒಂದಿಷ್ಟು ಬಣ್ಣದ ನೀರು. ಬತ್ತಿಯ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದರೆ ಕೆಲವೇ ಕ್ಷಣಗಳಲ್ಲಿ ಜ್ವಾಲೆ ನಂದುತ್ತದೆ. ತಟ್ಟೆಯಲ್ಲಿದ್ದ ನೀರು ಲೋಟದೊಳಕ್ಕೆ ಏರುತ್ತದೆ. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳು ತಲೆಮಾರುಗಳಿಂದ ಮಾಡಿ ತೋರಿಸುತ್ತಿರುವ ಪ್ರಯೋಗವಿದು. ಇದಕ್ಕೆ ನೀಡುವ ವಿವರಣೆಯೂ ಅಷ್ಟೇ ಪರಿಚಿತ. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕವಿದೆ, ಬತ್ತಿ ಅದನ್ನು ಸುಟ್ಟು ಮುಗಿಸಿತು, ತೆರವಾದ ಜಾಗಕ್ಕೆ ನೀರು ಏರಿತು ಎಂಬುದು ಆ ವಿವರಣೆ.

ಪ್ರಯೋಗ ನಿಜ. ವಿವರಣೆ ಮಾತ್ರ ತಪ್ಪು. ಅದು ತಪ್ಪೆಂದು ತಿಳಿಯಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಇನ್ನೆರಡು ಮೇಣದಬತ್ತಿಗಳಿದ್ದರೆ ಸಾಕು.

ಮನೆಯಲ್ಲಿ ಮಾಡಬಹುದಾದ ವಿಜ್ಞಾನ ಪ್ರಯೋಗಗಳಿಗೆ ಇಂದು ಬರವಿಲ್ಲ. ಮೊಬೈಲ್ ತೆರೆದರೆ ಬಣ್ಣ ಬದಲಿಸುವ ದ್ರವಗಳು, ತಾನಾಗಿ ತಿರುಗುವ ತಂತಿಗಳು, ನೊರೆಯುಕ್ಕಿಸುವ ಬಾಟಲಿಗಳು ಸಾಲುಗಟ್ಟಿ ಬರುತ್ತವೆ. ಮಕ್ಕಳು ನೋಡುತ್ತಾರೆ, ಬೆರಗಾಗುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಆದರೆ ಬೆರಗು ಹುಟ್ಟಿಸುವುದು ಜಾದೂಗಾರನ ಕೆಲಸವೂ ಹೌದು. ಜಾದೂವಿಗೂ ಪ್ರಯೋಗಕ್ಕೂ ಇರುವ ಅಂತರ ಚಿಕ್ಕದು, ಆದರೆ ಮುಖ್ಯವಾದುದು. ಪ್ರಯೋಗದಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದುದನ್ನು ಹಾಗೆಯೇ ಇಟ್ಟು, ಫಲಿತಾಂಶ ಏನಾಯಿತೆಂದು ಅಳೆಯಲು ಅವಕಾಶವಿರುತ್ತದೆ. ಕೆಳಗಿನ ಪ್ರಯೋಗಗಳೆಲ್ಲವೂ ಈ ಒಂದು ನಿಯಮವನ್ನು ಕಲಿಸುವಂಥವು.

ಒಂದು ಬತ್ತಿ, ಮೂರು ಬತ್ತಿ

ಮೊದಲು ಒಂದು ಬತ್ತಿಯಿಂದ ಪ್ರಯೋಗ ಮಾಡಿ, ಲೋಟದೊಳಗೆ ನೀರು ಎಲ್ಲಿಯವರೆಗೆ ಏರಿತೆಂದು ಹೊರಗಿನಿಂದ ಗುರುತು ಹಾಕಬೇಕು. ಅನಂತರ ಅದೇ ಲೋಟ, ಅದೇ ತಟ್ಟೆ, ಅಷ್ಟೇ ನೀರು ಬಳಸಿ ಮೂರು ಬತ್ತಿಗಳನ್ನು ಒಟ್ಟಿಗೆ ಉರಿಸಿ ಪುನಃ ನೋಡಬೇಕು. ಲೋಟದಲ್ಲಿರುವ ಗಾಳಿ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆಮ್ಲಜನಕವೂ ಅಷ್ಟೇ. ಹಳೆಯ ವಿವರಣೆ ಸರಿಯಾಗಿದ್ದರೆ ನೀರು ಎರಡೂ ಸಲ ಒಂದೇ ಮಟ್ಟಕ್ಕೆ ಏರಬೇಕಿತ್ತು. ಆದರೆ ಮೂರು ಬತ್ತಿಗಳಿದ್ದಾಗ ನೀರು ಎದ್ದು ಕಾಣುವಷ್ಟು ಹೆಚ್ಚು ಏರುತ್ತದೆ.

ಗಮನವಿಟ್ಟು ನೋಡಿದರೆ ಇನ್ನೊಂದು ಸುಳಿವೂ ಸಿಗುತ್ತದೆ. ಬತ್ತಿ ಉರಿಯುತ್ತಿರುವಾಗ ನೀರು ಅಷ್ಟಾಗಿ ಏರುವುದಿಲ್ಲ. ಆರಿದ ಬಳಿಕವೇ ಸರ್ರನೆ ಏರುತ್ತದೆ. ಕೆಲವೊಮ್ಮೆ ಲೋಟದ ಅಂಚಿನಿಂದ ಗಾಳಿಯ ಗುಳ್ಳೆಗಳು ಹೊರಬರುವುದೂ ಕಾಣುತ್ತದೆ. ಕಾರಣ ಇಷ್ಟೇ. ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗಿ ಒಂದು ಪಾಲು ಹೊರಹೋಗಿರುತ್ತದೆ. ಬತ್ತಿ ಆರಿದೊಡನೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಒತ್ತಡ ತಗ್ಗುತ್ತದೆ. ಹೊರಗಿನ ವಾಯುಭಾರ ನೀರನ್ನು ಒಳಕ್ಕೆ ತಳ್ಳುತ್ತದೆ. ಬತ್ತಿಗಳು ಹೆಚ್ಚಿದಷ್ಟೂ ಶಾಖ ಹೆಚ್ಚು, ಏರುವ ನೀರೂ ಹೆಚ್ಚು. ಆಮ್ಲಜನಕದ ವ್ಯಯಕ್ಕೆ ಇದರಲ್ಲಿ ಸಣ್ಣ ಪಾತ್ರವಷ್ಟೇ. ಮೇಲಾಗಿ, ಲೋಟದಲ್ಲಿ ಇನ್ನೂ ಸಾಕಷ್ಟು ಆಮ್ಲಜನಕ ಉಳಿದಿರುವಾಗಲೇ ಬತ್ತಿ ನಂದಿಹೋಗುತ್ತದೆ.

ಮುದ್ರಿತವಾದ ವಿವರಣೆಯೊಂದನ್ನು ಹತ್ತು ವರ್ಷದ ಮಗು ಕೂಡ ಮನೆಯಲ್ಲಿ ಪರೀಕ್ಷೆಗೆ ಒಡ್ಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಅರಿಶಿನ ಹೇಳುವ ಸಾಕ್ಷಿ

ಅರಿಶಿನ ಮತ್ತು ಸುಣ್ಣ ಕಲಸಿದ ಆರತಿಯ ನೀರು ಕೆಂಪಾಗುವುದು ಕನ್ನಡ ನಾಡಿನ ಮನೆಮನೆಗೂ ಗೊತ್ತು. ಸಾರಿನ ಕಲೆ ಬಿದ್ದ ಬಿಳಿ ಅಂಗಿಗೆ ಸಾಬೂನು ಹಚ್ಚಿದೊಡನೆ ಹಳದಿ ಕಲೆ ಕೆಂಪಾಗುವುದನ್ನೂ ಎಲ್ಲರೂ ಕಂಡಿರುತ್ತಾರೆ. ಎರಡಕ್ಕೂ ಕಾರಣ ಒಂದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲದ ಸಂಪರ್ಕಕ್ಕೆ ಬಂದಾಗ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಸುಣ್ಣ, ಸಾಬೂನುಗಳೆರಡೂ ಪ್ರತ್ಯಾಮ್ಲೀಯ.

ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿದರೆ ಪರೀಕ್ಷಾ ಕಾಗದ ಸಿದ್ಧ. ಅದರ ಮೇಲೆ ಸಾಬೂನು ನೀರು, ವಾಷಿಂಗ್ ಸೋಡಾದ ದ್ರಾವಣ, ಸುಣ್ಣದ ತಿಳಿಗಳ ಒಂದೊಂದು ಹನಿ ಬಿಟ್ಟರೆ ಕೆಂಪು ಮೂಡುತ್ತದೆ. ಆ ಕೆಂಪಿನ ಮೇಲೆ ನಿಂಬೆರಸ ಹಾಕಿದರೆ ಹಳದಿ ಮರಳುತ್ತದೆ.

ಆದರೆ ಈ ಕಾಗದಕ್ಕೂ ಒಂದು ಮಿತಿಯಿದೆ. ಬರಿಯ ನೀರು ಹಾಕಿದರೂ ಹಳದಿ, ಹುಣಿಸೆರಸ ಹಾಕಿದರೂ ಹಳದಿ. ಆಮ್ಲವನ್ನು ಗುರುತಿಸಲು ಅದಕ್ಕೆ ಬರುವುದಿಲ್ಲ. ಅಲ್ಲಿ ಕೆಂಪು ದಾಸವಾಳ ನೆರವಿಗೆ ಬರುತ್ತದೆ. ಅದರ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ರಸ ಆಮ್ಲಕ್ಕೆ ಕಡುಗೆಂಪಾಗಿ, ಪ್ರತ್ಯಾಮ್ಲಕ್ಕೆ ಹಸಿರಾಗಿ ಉತ್ತರ ನೀಡುತ್ತದೆ. ಒಂದು ಉಪಕರಣ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂದು ತಿಳಿಯುವುದೂ ವಿಜ್ಞಾನದ ಪಾಠವೇ.

ಈ ಪಾಠ ತಿಳಿಯದಿದ್ದರೆ ತೆರಬೇಕಾದ ಬೆಲೆ ಕಡಿಮೆಯಲ್ಲ. ಮಾಟ ತೆಗೆಯುವುದಾಗಿ ಹೇಳಿ ಮನೆಗೆ ಬರುವವರು ನಿಂಬೆಹಣ್ಣು ಕೊಯ್ದು 'ರಕ್ತ' ಸುರಿಸಿ ಹೆದರಿಸುವುದುಂಟು. ದಾಸವಾಳದ ಎಸಳನ್ನು ಚೂರಿಯ ಅಲಗಿಗೆ ಉಜ್ಜಿ ಒಣಗಿಸಿ, ಅದರಿಂದ ನಿಂಬೆ ಕೊಯ್ದರೆ ಅದೇ ಕೆಂಪು ರಸ ಯಾರ ಮನೆಯಲ್ಲಾದರೂ ಸುರಿಯುತ್ತದೆ. ಹಣ, ಒಡವೆ, ನೆಮ್ಮದಿ ಕಳೆದುಕೊಳ್ಳುವ ಮುನ್ನ ಬೇರೆ ಚೂರಿಯಿಂದ ಕೊಯ್ದು ತೋರಿಸುವಂತೆ ಕೇಳುವ ಧೈರ್ಯ ಒಬ್ಬರಿಗೆ ಬಂದರೂ ಸಾಕು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗಾಗಿ 1976ರಲ್ಲಿ ಸಮಿತಿಯೊಂದನ್ನು ರಚಿಸಿದ್ದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲೊಂದೆಂದು ಸಂವಿಧಾನಕ್ಕೆ ಸೇರಿದ್ದು ಅದೇ ವರ್ಷದ 42ನೇ ತಿದ್ದುಪಡಿಯ ಮೂಲಕ. ಆ ಕರ್ತವ್ಯದ ಅಭ್ಯಾಸ ಅಡುಗೆಮನೆಯಿಂದಲೂ ಆರಂಭವಾಗಬಹುದು.

ಕಲ್ಲು, ದಾರ, ಗಡಿಯಾರ

ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಹಾಕಿದರೆ ಲೋಲಕ ಸಿದ್ಧ. ಭಾರದ ಕಲ್ಲು ಕಟ್ಟಿದರೆ ಅದು ಬೇಗ ತೂಗುವುದೋ, ನಿಧಾನವಾಗಿ ತೂಗುವುದೋ? ಉತ್ತರವನ್ನು ಮೊದಲು ಬರೆದಿಟ್ಟು, ಆಮೇಲೆ ಪರೀಕ್ಷಿಸುವುದು ಒಳ್ಳೆಯ ಕ್ರಮ.

ಮೇಲಿನ ಗಂಟಿನಿಂದ ಕಲ್ಲಿನ ನಡುವಿನವರೆಗೆ 1 ಮೀಟರ್ ಉದ್ದವಿರಲಿ. ಸ್ವಲ್ಪವೇ ಪಕ್ಕಕ್ಕೆಳೆದು ಬಿಟ್ಟು, ಹೋಗಿ ಮರಳುವುದನ್ನು ಒಂದು ತೂಗೆಂದು ಎಣಿಸಿ, 10 ತೂಗುಗಳಿಗೆ ಹಿಡಿಯುವ ಕಾಲವನ್ನು ಅಳೆಯಬೇಕು. ಸುಮಾರು 20 ಸೆಕೆಂಡುಗಳಾಗುತ್ತವೆ. ಎರಡು ಪಟ್ಟು ಭಾರದ ಕಲ್ಲು ಕಟ್ಟಿ ಅದೇ ಉದ್ದವಿಟ್ಟರೂ ಕಾಲ ಅಷ್ಟೇ. ಉದ್ದವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಮಾತ್ರ ಕಾಲ ಅರ್ಧವಾಗಿ 10 ಸೆಕೆಂಡುಗಳಿಗೆ ಬರುತ್ತದೆ. ಉದ್ದ ಕಾಲು ಭಾಗವಾದಾಗ ಕಾಲ ಅರ್ಧವಾಗುವುದೇಕೆಂಬ ಪ್ರಶ್ನೆ ಪ್ರೌಢಶಾಲೆಯ ವಿದ್ಯಾರ್ಥಿಯನ್ನು ವರ್ಗಮೂಲದ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಭಾರ, ಉದ್ದ ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಒಂದನ್ನೇ ಬದಲಿಸಬೇಕೆಂಬ ನಿಯಮದ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ.

ನೆರಳಿಲ್ಲದ ಮಧ್ಯಾಹ್ನ

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಂತ ಕೋಲಿನ ನೆರಳು ಆಗ ಅದರ ಬುಡದಲ್ಲೇ ಅಡಗುತ್ತದೆ. ಇದೇ ಶೂನ್ಯ ನೆರಳಿನ ದಿನ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24 ಅಥವಾ 25 ಹಾಗೂ ಆಗಸ್ಟ್ 18ರ ಹೊತ್ತಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ಆ ಕ್ಷಣ ಗಡಿಯಾರದ 12 ಗಂಟೆಗಲ್ಲ, ಸುಮಾರು 12 ಗಂಟೆ 17 ನಿಮಿಷಕ್ಕೆ ಒದಗುತ್ತದೆ. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದ್ದು, ಬೆಂಗಳೂರು ಅದಕ್ಕಿಂತ ಪಶ್ಚಿಮದಲ್ಲಿರುವುದು ಇದಕ್ಕೆ ಮುಖ್ಯ ಕಾರಣ. ಉತ್ತರಕ್ಕೆ ಹೋದಂತೆ ದಿನವೂ ಬದಲಾಗುತ್ತದೆ. ಕಲಬುರಗಿಗೆ ಮೇ 10ರ ಆಸುಪಾಸಿನಲ್ಲಿ ಈ ದಿನ ಬರುತ್ತದೆ.

ಎರಡೂ ಊರುಗಳಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಭೂಮಿಯನ್ನೇ ಅಳೆಯಬಹುದು. ಬೆಂಗಳೂರಿನಲ್ಲಿ ನೆರಳು ಮಾಯವಾಗುವ ದಿನ ಕಲಬುರಗಿಯಲ್ಲಿ 1 ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನದ ಅತಿ ಕಿರಿದಾದ ನೆರಳನ್ನು ಅಳೆದರೆ ಸುಮಾರು 7.6 ಸೆಂಟಿಮೀಟರ್ ಸಿಗುತ್ತದೆ. ಈ ನೆರಳು ಸೂಚಿಸುವ ಕೋನ ಸುಮಾರು 4.36 ಡಿಗ್ರಿ. ಎರಡು ಊರುಗಳ ನಡುವಿನ ಉತ್ತರ-ದಕ್ಷಿಣ ಅಂತರ ಸುಮಾರು 485 ಕಿಲೋಮೀಟರ್. 4.36 ಡಿಗ್ರಿಗೆ 485 ಕಿಲೋಮೀಟರ್ ಆದರೆ ಇಡೀ ವೃತ್ತದ 360 ಡಿಗ್ರಿಗೆ ಎಷ್ಟು? ಲೆಕ್ಕ 40 ಸಾವಿರ ಕಿಲೋಮೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಭೂಮಿಯ ಸುತ್ತಳತೆ ಅಷ್ಟೇ ಇದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ತನೀಸ್ ಎಂಬ ವಿದ್ವಾಂಸ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯ ನಗರಗಳ ನೆರಳಿನಿಂದ ಭೂಮಿಯನ್ನು ಅಳೆದದ್ದು ಇದೇ ಉಪಾಯದಿಂದ. ನೆರಳನ್ನು ನೋಡಬೇಕೇ ಹೊರತು ಸೂರ್ಯನನ್ನು ಬರಿಗಣ್ಣಿನಿಂದ ನೋಡಕೂಡದು.

ಒಂದು ಸೆಲ್ಲಿನ ಮೋಟಾರು

ಮೋಟಾರ್ ರಿಪೇರಿ ಅಂಗಡಿಯಲ್ಲಿ ಸಿಗುವ ಎನಾಮೆಲ್ ಲೇಪಿತ ತಾಮ್ರದ ತಂತಿಯನ್ನು 1.5 ವೋಲ್ಟಿನ ಸೆಲ್ಲಿನ ಮೇಲೆ ಹತ್ತು ಸುತ್ತು ಸುತ್ತಿ ಬಳೆಯಂತೆ ತೆಗೆಯಬೇಕು. ಎರಡು ತುದಿಗಳು ಎದುರುಬದುರಾಗಿ ಹೊರಚಾಚಿರಲಿ. ಒಂದು ತುದಿಯ ಲೇಪವನ್ನು ಪೂರ್ತಿಯಾಗಿ, ಇನ್ನೊಂದರ ಲೇಪವನ್ನು ಮೇಲ್ಭಾಗದಲ್ಲಿ ಅರ್ಧ ಮಾತ್ರ ಕೆರೆಯಬೇಕು. ಸೆಲ್ಲಿನ ಎರಡೂ ಕೊನೆಗಳಿಗೆ ಒಂದೊಂದು ಸೇಫ್ಟಿ ಪಿನ್ನನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಪಿನ್ನುಗಳ ಕಣ್ಣಿನಲ್ಲಿ ತಂತಿಯ ತುದಿಗಳನ್ನು ಕೂರಿಸಬೇಕು. ಸೆಲ್ಲಿನ ಮೇಲೆ ಅಯಸ್ಕಾಂತವಿಟ್ಟು ಸುರುಳಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಅದು ತಿರುಗುತ್ತಲೇ ಹೋಗುತ್ತದೆ.

ಅಯಸ್ಕಾಂತವನ್ನು ಮಗುಚಿಟ್ಟರೆ ಸುರುಳಿ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಎರಡೂ ತುದಿಗಳನ್ನು ಪೂರ್ತಿ ಕೆರೆದರೆ ಸುರುಳಿ ಅಲುಗಾಡಿ ನಿಲ್ಲುವುದೇ ಹೆಚ್ಚು. ಅರ್ಧ ಸುತ್ತಿನಲ್ಲಿ ವಿದ್ಯುತ್ತು ಕಡಿದುಹೋಗುವುದರಲ್ಲೇ ಮೋಟಾರಿನ ಗುಟ್ಟಿದೆ. ತಂತಿ ಮತ್ತು ಸೆಲ್ ಬೇಗನೆ ಬಿಸಿಯಾಗುವುದರಿಂದ ಕೆಲವು ಸೆಕೆಂಡುಗಳ ಬಳಿಕ ಸುರುಳಿಯನ್ನು ತೆಗೆದುಬಿಡಬೇಕು.

ಆಟಿಕೆ ಉಪಕರಣವಾದಾಗ

ಇಂಥ ಪ್ರಯೋಗಗಳು ಬಡವರ ಮಕ್ಕಳಿಗೂ ಎಟುಕುತ್ತವೆ ಎಂಬುದನ್ನು ತೋರಿಸಿಕೊಟ್ಟದ್ದು 1972ರಲ್ಲಿ ಮಧ್ಯಪ್ರದೇಶದಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ. 2002ರಲ್ಲಿ ಅದು ನಿಂತಿತಾದರೂ, 1978ರಲ್ಲಿ ಅದರ ಸಂಪರ್ಕಕ್ಕೆ ಬಂದ ಎಂಜಿನಿಯರ್ ಅರವಿಂದ ಗುಪ್ತ ಅವರು ಕಸದಿಂದ ಆಟಿಕೆ ತಯಾರಿಸಿ ವಿಜ್ಞಾನ ಕಲಿಸುವ ಕೆಲಸವನ್ನು ಜೀವನದ ಕಾಯಕವಾಗಿಸಿಕೊಂಡರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆಟಿಕೆ ಆಟಿಕೆಯಾಗಿಯೇ ಉಳಿಯಬೇಕೆಂದೇನೂ ಇಲ್ಲ. ಅಂಗಿಯ ಗುಂಡಿಯ ಎರಡು ತೂತುಗಳಲ್ಲಿ ದಾರ ಪೋಣಿಸಿ, ಎಳೆದು ಸಡಿಲಿಸಿ 'ಗುಂಯ್' ಎನ್ನಿಸುವ ಆಟ ಎಲ್ಲರ ಬಾಲ್ಯದಲ್ಲೂ ಇದ್ದದ್ದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು ಈ ಆಟದ ಗಣಿತವನ್ನು ಬಿಡಿಸಿ, 2017ರಲ್ಲಿ 'ಪೇಪರ್‌ಫ್ಯೂಜ್' ಎಂಬ ಕಾಗದದ ಸಾಧನವನ್ನು ಪ್ರಕಟಿಸಿದರು. ಕೈಯಿಂದ ಎಳೆದರೆ ನಿಮಿಷಕ್ಕೆ 1.25 ಲಕ್ಷ ಸುತ್ತುಗಳ ವೇಗ ಮುಟ್ಟಬಲ್ಲ ಇದು ರಕ್ತದಿಂದ ಪ್ಲಾಸ್ಮಾವನ್ನು ಒಂದೂವರೆ ನಿಮಿಷದಲ್ಲಿ ಬೇರ್ಪಡಿಸುತ್ತದೆ. ಸಾಮಗ್ರಿಯ ವೆಚ್ಚ 20 ಸೆಂಟ್. ವಿದ್ಯುತ್ತಿಲ್ಲದ ಊರುಗಳಲ್ಲೂ ರಕ್ತ ಪರೀಕ್ಷೆ ಸಾಧ್ಯವಾಗಲೆಂಬುದು ಇದರ ಉದ್ದೇಶ. ಗುಂಡಿ ತಿರುಗಿಸಿದ ಮಕ್ಕಳು ಅಸಂಖ್ಯ. ಅದು ಎಷ್ಟು ವೇಗವಾಗಿ ತಿರುಗುತ್ತದೆಂದು ಅಳೆಯಹೊರಟವರು ವಿರಳ.

ಮುಟ್ಟಬಾರದ ಪ್ರಯೋಗಗಳು

ಕಂಡದ್ದನ್ನೆಲ್ಲ ಮಾಡಿ ನೋಡುವುದು ಜಾಣತನವಲ್ಲ. ಕೆಲವು ಎಚ್ಚರಿಕೆಗಳನ್ನು ಹಿರಿಯರೂ ಮಕ್ಕಳೂ ಮನದಟ್ಟು ಮಾಡಿಕೊಳ್ಳಬೇಕು.

* ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಯಾವ ಪ್ರಯೋಗಕ್ಕೂ ಬಳಸಬಾರದು. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮರದ ಮೇಲೆ ಮಿಂಚಿನ ಚಿತ್ತಾರ ಸುಡುವ ಹವ್ಯಾಸ ವಿದೇಶಗಳಲ್ಲಿ ಜೀವಗಳನ್ನು ಬಲಿ ಪಡೆದಿದೆ.
* ಬ್ಲೀಚಿಂಗ್ ದ್ರಾವಣ ಹಾಗೂ ಶೌಚಾಲಯ ತೊಳೆಯುವ ಆಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಇವನ್ನು ಎಂದಿಗೂ ಬೆರೆಸಬಾರದು.
* ಅನಿಲ ಉಂಟಾಗುವ ಯಾವ ಮಿಶ್ರಣವನ್ನೂ ಮುಚ್ಚಳ ಬಿಗಿದ ಬಾಟಲಿಯಲ್ಲಿ ಇಡಬಾರದು.
* ಗುಂಡಿಯಾಕಾರದ ಸೆಲ್‌ಗಳು, ಪುಟ್ಟ ಅಯಸ್ಕಾಂತಗಳು ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಕರುಳಿಗೆ, ಅನ್ನನಾಳಕ್ಕೆ ಅಪಾಯವಿದ್ದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.
* ಬೆಂಕಿ ಇರುವ ಪ್ರಯೋಗಗಳನ್ನು ಹಿರಿಯರ ಸಮ್ಮುಖದಲ್ಲೇ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು ಮಾಡಬೇಕು.

ಕೊನೆಯದಾಗಿ, ಮನೆಯ ಪ್ರಯೋಗಶಾಲೆಗೆ ಅತ್ಯಗತ್ಯವಾದ ಉಪಕರಣವೆಂದರೆ ಒಂದು ನೋಟ್ ಪುಸ್ತಕ. ದಿನಾಂಕ, ಏನು ಬದಲಿಸಲಾಯಿತು, ಏನು ನಿರೀಕ್ಷಿಸಲಾಗಿತ್ತು, ಏನು ಸಿಕ್ಕಿತು ಎಂಬ ನಾಲ್ಕು ಸಾಲುಗಳು ಸಾಕು. ನಿರೀಕ್ಷೆಗೂ ಫಲಿತಾಂಶಕ್ಕೂ ತಾಳೆಯಾಗದಿದ್ದರೆ ಅದನ್ನು ಅಳಿಸದೆ ಹಾಗೆಯೇ ಉಳಿಸಬೇಕು. ಅಂಕಪಟ್ಟಿಯಲ್ಲಿ ಇದಕ್ಕೆ ಅಂಕ ದೊರೆಯಲಿಕ್ಕಿಲ್ಲ. ಆದರೆ ನಾಳೆ ಯಾರಾದರೂ ನಂಬಿಸಲು ಬಂದಾಗ 'ಇನ್ನೊಮ್ಮೆ ಮಾಡಿ ತೋರಿಸಿ, ಇದೊಂದನ್ನು ಬದಲಿಸಿ ತೋರಿಸಿ' ಎಂದು ಕೇಳುವ ಅಭ್ಯಾಸ ಬರುವುದು ಇಂಥ ಪುಟಗಳಿಂದಲೇ.