ಶಿಶು ಆರೈಕೆಯ ಜನಪದ ಜ್ಞಾನ: ಎಲುಬು, ನರ ಹಾಗೂ ಮೂತ್ರ ಸಂಬಂಧಿ ಬೇನೆಗಳನ್ನು ಕುರಿತು

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಮದ್ದಿಗೆ ದೊರೆತ ಸ್ಥಾನ ಆರೈಕೆಗೆ ದೊರೆತಿಲ್ಲ. ಯಾವ ಬೇರು, ಯಾವ ಸೊಪ್ಪು, ಯಾವ ಮಂತ್ರ ಎಂಬುದನ್ನು ಸಂಗ್ರಹಕಾರರು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ಬೇನೆ ಬಿದ್ದ ಮಗುವನ್ನು ಯಾರು ಎತ್ತಿಕೊಂಡರು, ಹೇಗೆ ಮಲಗಿಸಿದರು, ಹೇಗೆ ಉಣಿಸಿದರು ಎಂಬ ಪ್ರಶ್ನೆಗಳು ಹೊರಗೇ ಉಳಿದಿವೆ. ಅಮೆರಿಕದ ಜಾನಪದ ವಿದ್ವಾಂಸ ಡಾನ್ ಯೋಡರ್ 1972ರಲ್ಲಿ ಜನಪದ ವೈದ್ಯವನ್ನು ನೈಸರ್ಗಿಕ ಮತ್ತು ಮಾಂತ್ರಿಕ-ಧಾರ್ಮಿಕ ಎಂದು ಎರಡಾಗಿ ವಿಂಗಡಿಸಿದನು. ಈ ವಿಂಗಡಣೆ ಉಪಯುಕ್ತವಾದರೂ ಇದರಲ್ಲಿ ಮದ್ದೂ ಅಲ್ಲದ, ಮಂತ್ರವೂ ಅಲ್ಲದ ನಿತ್ಯದ ಆರೈಕೆಗೆ ಪ್ರತ್ಯೇಕ ನೆಲೆಯಿಲ್ಲ. ಮಕ್ಕಳ ಎಲುಬು, ಸ್ನಾಯು, ನರ ಹಾಗೂ ಮೂತ್ರ ಸಂಬಂಧಿ ಬೇನೆಗಳಲ್ಲಿ ಅನೇಕವು ವರ್ಷಗಟ್ಟಲೆ ಉಳಿಯುವಂಥವು. ಇಲ್ಲಿ ಒಂದು ದಿನದ ಮದ್ದಿಗಿಂತ ಸಾವಿರ ದಿನಗಳ ಆರೈಕೆಯೇ ಮಗುವಿನ ಬದುಕನ್ನು ನಿರ್ಧರಿಸುತ್ತದೆ. ಧಾರವಾಡ ಜಿಲ್ಲೆಯ ಶಲವಡಿ ಸೀಮೆಯನ್ನು ಮುಖ್ಯ ನೆಲೆಯಾಗಿಟ್ಟುಕೊಂಡು ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸೀಮೆಯ ಸ್ವರೂಪ

ನವಲಗುಂದ–ಅಣ್ಣಿಗೇರಿ ಭಾಗದ ಶಲವಡಿ ಎರೆಭೂಮಿಯ ಊರು. ಜೋಳ, ಕಡಲೆ, ಹತ್ತಿ, ಕುಸುಬಿ ಈ ನೆಲದ ಬೆಳೆಗಳು. ಈ ಭಾಗದ ಅಂತರ್ಜಲ ಬಹಳ ಕಡೆ ಸವಳಾದುದರಿಂದ ಕುಡಿಯುವ ನೀರಿಗಾಗಿ ಕೆರೆಯನ್ನು ನೆಚ್ಚಿದ ಊರುಗಳೇ ಹೆಚ್ಚು. ಈ ಎರಡು ಸಂಗತಿಗಳೂ ಶಿಶು ಆರೈಕೆಯೊಡನೆ ನೇರವಾಗಿ ಸಂಬಂಧ ಹೊಂದಿವೆ. ಕೂಸಿನ ಮೈಗೆ ಹಚ್ಚುವ ಎಣ್ಣೆ ಹೊಲದಿಂದ ಬರುತ್ತದೆ. ಕೂಸಿಗೆ ಎರೆಯುವ ಮತ್ತು ಕುಡಿಸುವ ನೀರು ಕೆರೆಯಿಂದ ಬರುತ್ತದೆ. ನವಲಗುಂದ ಸಮೀಪದ ಯಮನೂರಿನಲ್ಲಿ ಜಾತ್ರೆಯ ಕಾಲಕ್ಕೆ ಬೆಣ್ಣೆಹಳ್ಳದಲ್ಲಿ ಮಿಂದರೆ ಚರ್ಮದ ಬೇನೆ ಹೋಗುತ್ತದೆ ಎಂಬ ನಂಬಿಕೆಯಿದೆ. ನೀರು ಈ ಸೀಮೆಯಲ್ಲಿ ಅಗತ್ಯವೂ ಹೌದು, ಮದ್ದೂ ಹೌದು ಎಂಬುದಕ್ಕೆ ಇದು ನಿದರ್ಶನ.

ಎರೆಯುವ ಪದ್ಧತಿ: ಮೊದಲ ಪರೀಕ್ಷೆ

ಬಾಣಂತನದ ಮನೆಯಲ್ಲಿ ಎರೆಯುವ ಹೆಂಗಸಿಗೆ ವಿಶೇಷ ಗೌರವ. ಆಕೆ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಂಡು, ಮೈಗೆಲ್ಲ ಎಣ್ಣೆ ತಿಕ್ಕಿ, ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿ, ಬಳಿಕ ನೀರು ಎರೆಯುತ್ತಾಳೆ. ಎಣ್ಣೆಯಿಂದ ಎಲುಬು ಗಟ್ಟಿಯಾಗುತ್ತದೆ ಎಂಬುದು ಜನಪದರ ವಿವರಣೆ. ಈ ಕ್ರಿಯೆಯ ಹೆಚ್ಚಿನ ಮೌಲ್ಯ ಬೇರೆ ಕಡೆ ಇದೆ. ಬರಿಮೈಯ ಕೂಸಿನ ಪ್ರತಿ ಕೀಲನ್ನೂ ಪ್ರತಿದಿನ ಮುಟ್ಟಿ ನೋಡುವ ವ್ಯಕ್ತಿ ಆಕೆ. ಪಾದ ಒಳಕ್ಕೆ ತಿರುಗಿರುವುದು, ಒಂದು ತೊಡೆ ಇನ್ನೊಂದರಷ್ಟು ಅಗಲಕ್ಕೆ ತೆರೆಯದಿರುವುದು, ತೊಡೆಯ ಮಡಿಕೆಗಳು ಸಮವಾಗಿಲ್ಲದಿರುವುದು, ಬೆನ್ನಿನ ಮೇಲಿನ ಬಾವು, ಮೈ ಸಡಿಲಾಗಿ ಜೋತುಬೀಳುವುದು ಅಥವಾ ಬಿಗಿಯುವುದು, ಗಂಡುಕೂಸಿನ ಮೂತ್ರ ಧಾರೆಯಾಗಿ ಬಾರದೆ ತೊಟ್ಟಿಕ್ಕುವುದು, ಇವೆಲ್ಲ ಮೊದಲು ಆಕೆಯ ಗಮನಕ್ಕೆ ಬರುತ್ತವೆ. ಇಂದಿನ ಶಿಶುವೈದ್ಯರು ನವಜಾತ ಶಿಶುವಿನಲ್ಲಿ ಹುಡುಕುವ ಲಕ್ಷಣಗಳೂ ಇವೇ.

ಸಾವಿರ ಜನನಗಳಿಗೆ ಸುಮಾರು ಒಂದರಂತೆ ಕಂಡುಬರುವ ಸೊಟ್ಟ ಪಾದವನ್ನು ಉದಾಹರಣೆಯಾಗಿ ನೋಡಬಹುದು. ಎಣ್ಣೆ ತಿಕ್ಕಿ ನೀವಿದರೆ ಇದು ನೆಟ್ಟಗಾಗುತ್ತದೆ ಎಂದು ಕಾಯುವ ಕುಟುಂಬಗಳು ಅಮೂಲ್ಯ ತಿಂಗಳುಗಳನ್ನು ಕಳೆದುಕೊಳ್ಳುತ್ತವೆ. ಇಗ್ನಾಸಿಯೋ ಪೊನ್ಸೆಟಿ ಎಂಬ ವೈದ್ಯನು ಅಮೆರಿಕದ ಅಯೋವಾದಲ್ಲಿ ರೂಪಿಸಿದ ವಿಧಾನದಲ್ಲಿ ವಾರಕ್ಕೊಮ್ಮೆಯಂತೆ ಸುಮಾರು ಐದಾರು ಬಾರಿ ಪ್ಲಾಸ್ಟರ್ ಬದಲಿಸಿ ಪಾದವನ್ನು ಕ್ರಮೇಣ ತಿರುಗಿಸಲಾಗುತ್ತದೆ. ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ನರದ ಸಣ್ಣ ಶಸ್ತ್ರಕ್ರಿಯೆಯೂ ಬೇಕಾಗುತ್ತದೆ. ಆಮೇಲೆ ಮೂರು ತಿಂಗಳು ದಿನದ 23 ಗಂಟೆ, ಅನಂತರ ನಾಲ್ಕು ವರ್ಷ ವಯಸ್ಸಿನವರೆಗೆ ನಿದ್ರೆಯ ವೇಳೆ ವಿಶೇಷ ಬೂಟು ತೊಡಿಸಬೇಕು. ಇದನ್ನು ಬಿಟ್ಟರೆ ಪಾದ ಮತ್ತೆ ತಿರುಗುವ ಸಂಭವ ಹೆಚ್ಚು. ಇಲ್ಲಿ ವೈದ್ಯನ ಕೆಲಸ ಕೆಲವು ವಾರಗಳದು, ಮನೆಯವರ ಕೆಲಸ ವರ್ಷಗಳದು. ನಿತ್ಯವೂ ತಪ್ಪದೆ ಎರೆಯುವ ಶಿಸ್ತು ರೂಢಿಯಲ್ಲಿದ್ದ ಮನೆಗೆ ಇದು ಹೊಸ ಶಿಸ್ತೇನಲ್ಲ.

ಕೂಸನ್ನು ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳುವ ರೂಢಿಯೂ ಗಮನಾರ್ಹ. ತೊಡೆಯ ಎಲುಬು ಕೀಲಿನ ಗುಣಿಯಲ್ಲಿ ಸರಿಯಾಗಿ ಕೂರಲು ಈ ಭಂಗಿ ಅನುಕೂಲಕರ. ಇದಕ್ಕೆ ಪ್ರತಿಯಾಗಿ ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಸೊಂಟದ ಕೀಲಿಗೆ ಹಾನಿಕರ. ಜಪಾನಿನಲ್ಲಿ 1975ರ ಸುಮಾರಿಗೆ ಹೀಗೆ ಸುತ್ತುವುದನ್ನು ಬಿಡಿಸುವ ಆಂದೋಲನ ನಡೆದ ಬಳಿಕ ಕೀಲು ತಪ್ಪಿದ ಮಕ್ಕಳ ಪ್ರಮಾಣ ಗಣನೀಯವಾಗಿ ಇಳಿಯಿತು. ಒಂದೇ ಪರಂಪರೆಯೊಳಗೆ ಹಿತವೂ ಅಹಿತವೂ ಅಕ್ಕಪಕ್ಕದಲ್ಲಿರುತ್ತವೆ ಎಂಬುದು ಇದರಿಂದ ಸ್ಪಷ್ಟ.

ಎಲುಬು ಕಟ್ಟುವಿಕೆ

ಮುರಿದ ಎಲುಬನ್ನು ಬಿದಿರಿನ ದಬ್ಬೆ ಇಟ್ಟು ಕಟ್ಟುವ ನಾಟಿ ವೈದ್ಯರಿಗೆ ಹಳ್ಳಿಗಳಲ್ಲಿ ಇಂದಿಗೂ ಮನ್ನಣೆಯಿದೆ. ಖರ್ಚು ಕಡಿಮೆ, ವೈದ್ಯ ಪರಿಚಿತ, ಮಾತು ತಿಳಿಯುತ್ತದೆ ಎಂಬುವು ಇದಕ್ಕೆ ಕಾರಣಗಳು. ಅಲುಗದಂತೆ ಕಟ್ಟಬೇಕೆಂಬ ತತ್ವ ಸರಿಯಾದದ್ದೇ. ಆದರೆ ಬಿದ್ದ ಮಗುವಿನ ಮೊಣಕೈ ಬಳಿಯ ಮುರಿತದಲ್ಲಿ ಬಾವು ಏರುತ್ತಾ ಹೋಗುತ್ತದೆ; ಬಿಗಿಯಾದ ಕಟ್ಟು ರಕ್ತದ ಹರಿವನ್ನು ತಡೆಯುತ್ತದೆ. ಇದರಿಂದ ಸ್ನಾಯು ಸತ್ತು ಕೈ ಶಾಶ್ವತವಾಗಿ ಮುದುಡುವುದನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿಯೇ ವಿವರಿಸಿದ್ದನು. ಬೆರಳು ತಣ್ಣಗಾಗುವುದು, ಬಿಳಿಚುವುದು ಇಲ್ಲವೆ ನೀಲಿಗಟ್ಟುವುದು, ಜೋಮು ಹಿಡಿಯುವುದು, ಬೆರಳನ್ನು ನೆಟ್ಟಗೆ ಮಾಡಿದರೆ ಮಗು ಚೀರುವುದು ಇದರ ಸೂಚನೆಗಳು. ಆಗ ಕೂಡಲೇ ಕಟ್ಟು ಬಿಚ್ಚಿ ಆಸ್ಪತ್ರೆ ಸೇರಬೇಕು. ಆಸ್ಪತ್ರೆಯ ಪ್ಲಾಸ್ಟರಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಮುರಿದ ಮೊಣಕೈಯನ್ನು ಎಣ್ಣೆ ಹಾಕಿ ನೀವುವುದರಿಂದ ಸ್ನಾಯುವಿನಲ್ಲಿ ಎಲುಬು ಬೆಳೆದು ಕೀಲು ಸೆಟೆದುಕೊಳ್ಳಬಹುದು.

ನಡೆಯಲಾರದ ಮಗು ಮತ್ತು ಗ್ರಹಣದ ಕಥನ

ಮಗು ಏಕೆ ನಡೆಯುತ್ತಿಲ್ಲ ಎಂಬ ಪ್ರಶ್ನೆಗೆ ಜನಪದರು ನೀಡುವ ಉತ್ತರಗಳಲ್ಲಿ ಗ್ರಹಣ ಪ್ರಮುಖವಾದುದು. ಬಸುರಿಯು ಗ್ರಹಣಕಾಲದಲ್ಲಿ ಹೆಚ್ಚಿದ್ದು, ಕತ್ತರಿಸಿದ್ದು, ಹೊರಬಂದದ್ದು ಕೂಸಿನ ಅಂಗಕ್ಕೆ ತಗುಲಿತು ಎಂಬುದು ಆ ಕಥನ. 26 ಡಿಸೆಂಬರ್ 2019ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಸುದ್ದಿ ನಾಡಿನ ಗಮನ ಸೆಳೆಯಿತು. ಗ್ರಹಣ ಕೆಡಿಸಿದ್ದನ್ನು ಗ್ರಹಣವೇ ಸರಿಪಡಿಸಬೇಕೆಂಬ ತರ್ಕ ಇದರ ಹಿಂದಿದೆ. ಆ ತಾಯ್ತಂದೆಯರನ್ನು ಕ್ರೂರಿಗಳೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಬೇರೆ ಯಾವ ಭರವಸೆಯೂ ಬಾಗಿಲಿಗೆ ಬಾರದವರು ಗ್ರಹಣದಲ್ಲಿ ಭರವಸೆ ಹುಡುಕುತ್ತಾರೆ ಎಂಬುದನ್ನು ಸಂಶೋಧಕರು ಮರೆಯಲಾಗದು. ಈ ಕಥನದ ಇನ್ನೊಂದು ಪರಿಣಾಮವೆಂದರೆ ತಪ್ಪೆಲ್ಲ ತಾಯಿಯ ತಲೆಗೆ ಬರುವುದು.

ವಾಸ್ತವವಾಗಿ ನಡೆಯದಿರಲು ಕಾರಣಗಳು ಹಲವು. ಒಂದು ಕಾಲಕ್ಕೆ ಪೋಲಿಯೊ ಮುಖ್ಯವಾಗಿತ್ತು. ಭಾರತದಲ್ಲಿ ನಿಸರ್ಗಜನ್ಯ ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತಿಯ ಪ್ರಮಾಣಪತ್ರ ದೊರೆಯಿತು. ಹರಕೆಯಿಂದಲ್ಲ, ಹನಿಯಿಂದ ಹೋದ ಬೇನೆ ಇದು. ಇಂದು ಉಳಿದಿರುವವುಗಳಲ್ಲಿ ಮೆದುಳಿನ ಹಾನಿಯಿಂದ ಬರುವ ಸೆರೆಬ್ರಲ್ ಪಾಲ್ಸಿ ಪ್ರಧಾನ. ಅಂಥ ಮಗುವನ್ನು ಅಂಗಾತ ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳ ಸೇರುವ ಅಪಾಯವಿದೆ; ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಬೇಕು. ಮನೆಯ ಕೌದಿಯನ್ನೇ ಸುರುಳಿ ಮಾಡಿ ಬೆನ್ನಿಗೂ ಮಗ್ಗುಲಿಗೂ ಆಸರೆ ಕೊಡಬಹುದು. ಗಂಡುಮಕ್ಕಳಲ್ಲಿ ಬರುವ ಡುಶೆನ್ ಸ್ನಾಯುಕ್ಷಯದಲ್ಲಿ ಮೀನಖಂಡ ದಪ್ಪವಾಗಿ ಕಾಣುವುದರಿಂದ ಮಗು ಗಟ್ಟಿಯಾಗಿದೆ ಎಂದು ಹಿರಿಯರು ಭ್ರಮಿಸುತ್ತಾರೆ. ಅದೇ ಮಗು ನೆಲದಿಂದ ಏಳುವಾಗ ತೊಡೆಗೆ ಕೈಯೂರಿ ಏಳುತ್ತದೆ. ಬೆನ್ನುಹುರಿಯ ನರಕೋಶಗಳು ಕ್ಷೀಣಿಸುವ ಇನ್ನೊಂದು ಬೇನೆಗೆ ಸೋದರಮಾವ–ಅಕ್ಕನ ಮಗಳ ನಡುವಿನಂತಹ ಒಳಸಂಬಂಧದ ಮದುವೆಗಳಲ್ಲಿ ಸಂಭವ ಹೆಚ್ಚು. ಇವು ಗ್ರಹಣದ ಫಲವಲ್ಲ, ತಾಯಿಯ ತಪ್ಪಂತೂ ಅಲ್ಲ.

ಮೂತ್ರ ಸಂಬಂಧಿ ಬೇನೆಗಳು

ಬೇಸಿಗೆಯಲ್ಲಿ ಉರಿಮೂತ್ರಕ್ಕೆ ಕಾಮಕಸ್ತೂರಿ ಬೀಜ ನೆನೆಸಿದ ನೀರು, ಕೊತ್ತಂಬರಿ ಬೀಜದ ನೀರು ಕುಡಿಸುವುದು ಮನೆಮದ್ದು. ಇದರಲ್ಲಿ ಬೀಜದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ನೀರು ಕೆಲಸ ಮಾಡುತ್ತದೆ. ಜ್ವರವೂ ಕೂಡಿದ್ದರೆ ಮನೆಮದ್ದು ಸಾಲದು. ಚಿಕಿತ್ಸೆ ತಡವಾದರೆ ಸೋಂಕು ಮೂತ್ರಪಿಂಡಕ್ಕೆ ಗಾಯ ಮಾಡಬಲ್ಲದು. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನು ಕಲಿಸಬೇಕು. ಶಾಲೆಯಲ್ಲಿ ಮೂತ್ರ ಕಟ್ಟಿಕೊಳ್ಳುವ ಪ್ರಸಂಗ ಬಾರದಂತೆ ನೋಡಿಕೊಳ್ಳಬೇಕು.

ಹಾಸಿಗೆ ಒದ್ದೆ ಮಾಡುವ ಮಗುವನ್ನು ನಾಚಿಸುವುದು, ಹೆದರಿಸುವುದು, ಕೆಲವೆಡೆ ಬರೆ ಹಾಕುವುದೂ ಉಂಟು. ಐದು ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 15ರಷ್ಟು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಬಹುತೇಕರಿಗೆ ವಯಸ್ಸಾದಂತೆ ತಾನಾಗಿ ನಿಲ್ಲುತ್ತದೆ. ಬರೆಯಿಂದ ಉಳಿಯುವುದು ಕಲೆ ಮಾತ್ರ. ಬೆನ್ನುಹುರಿ ಸೀಳಿ ಹುಟ್ಟಿದ ಮಗುವಿನ ಸ್ಥಿತಿ ಬೇರೆ. ಅದಕ್ಕೆ ಕೆಳಮೈಯ ಅರಿವು ಕಡಿಮೆಯಾದುದರಿಂದ ಕೆಂಡದ ಕಾವು, ಬಿಸಿನೀರು ಸುಟ್ಟರೂ ತಿಳಿಯದು. ಬೆನ್ನಿನ ಬಾವನ್ನು ನೀವಬಾರದು. ಮೂತ್ರಕೋಶ ತಾನಾಗಿ ಬರಿದಾಗದ ಇಂಥ ಮಕ್ಕಳಿಗೆ ದಿನಕ್ಕೆ ಹಲವು ಬಾರಿ ಶುಚಿಯಾದ ಕೊಳವೆಯಿಂದ ಮೂತ್ರ ತೆಗೆಯುವ ವಿಧಾನವನ್ನು ಅಮೆರಿಕದ ಲ್ಯಾಪಿಡೆಸ್ 1972ರಲ್ಲಿ ಪ್ರಚುರಪಡಿಸಿದನು. ತಾಯಿಯೇ ಮನೆಯಲ್ಲಿ ಮಾಡಬಹುದಾದ ಈ ಕೆಲಸ ಅನೇಕ ಮಕ್ಕಳ ಮೂತ್ರಪಿಂಡಗಳನ್ನು ಉಳಿಸಿದೆ.

ಸಮಾರೋಪ

ಹೆರಿಗೆಗಳು ಆಸ್ಪತ್ರೆಗೆ ಸರಿದಂತೆ ಎರೆಯುವ ಹೆಂಗಸಿನ ಪರಂಪರೆ ಕ್ಷೀಣಿಸುತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸೊಟ್ಟ ಪಾದ, ಸೊಂಟದ ಕೀಲಿನ ದೋಷ, ಬೆನ್ನುಹುರಿಯ ದೋಷಗಳನ್ನು ತಪಾಸಣೆಯಲ್ಲಿ ಗುರುತಿಸಲಾಗುತ್ತದೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಸೀಮೆಗೆ ಸಮೀಪದಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯಗಳನ್ನು ಒಳಗೊಂಡಿದೆ. ವ್ಯವಸ್ಥೆಗಳಿವೆ, ಆದರೆ ತಪಾಸಣೆಯ ತಂಡ ಬರುವುದು ವರ್ಷದ ಕೆಲವು ದಿನ, ಮನೆಯ ಕೈ ಮುಟ್ಟುವುದು ಪ್ರತಿದಿನ. ಆ ಕೈಗೆ ಏನನ್ನು ಗಮನಿಸಬೇಕು, ಯಾವಾಗ ಆಸ್ಪತ್ರೆಗೆ ಒಯ್ಯಬೇಕು ಎಂಬ ತಿಳಿವಳಿಕೆ ಸೇರಿದರೆ ಎರಡು ಜ್ಞಾನಗಳೂ ಕೂಡುತ್ತವೆ. ಎರೆಯುವವರು, ಕೌದಿ ಹಾಸಿ ಮಗ್ಗುಲು ಬದಲಿಸುವವರು, ಅಂಗವಿಕಲ ಮಗುವನ್ನು ದಶಕಗಟ್ಟಲೆ ಹೊತ್ತವರು ನಮ್ಮ ಕ್ಷೇತ್ರಕಾರ್ಯದ ವಕ್ತೃಗಳಾಗಬೇಕು. ಮದ್ದಿನ ಪಟ್ಟಿಗಳು ಸಾಕಷ್ಟು ಸಿದ್ಧವಾಗಿವೆ. ಆರೈಕೆಯ ದಾಖಲೆ, ಬಲ್ಲವರು ಇರುವಾಗಲೇ, ಆಗಬೇಕಾಗಿದೆ.